ಸಹಾಯ ಬೇಕು: ತಾಯಿಯವರ ದವಡೆ ಹಲ್ಲಿಗೆ ಯಾವ ಫಿಲ್ಲಿಂಗ್ ಸೂಕ್ತ?

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರ ಕೆಳದವಡೆಯ ಹಲ್ಲಿಗೆ ಬಹಳ ಹಿಂದೆ ತುಂಬಿಸಿದ್ದ ಬೆಳ್ಳಿ ಬಣ್ಣದ ಅಮಾಲ್ಗಮ್ ಅಂಚಿನಲ್ಲಿ ಬಿರುಕು ಬಿಟ್ಟಿದ್ದು, ಪಕ್ಕದಲ್ಲೇ ಕಪ್ಪು ಗೆರೆ ಕಾಣಿಸುತ್ತಿದೆ. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ, ರಾತ್ರಿ ನೋವಿಲ್ಲ. ಎಕ್ಸ್‌ರೇ ನೋಡಿದ ದಂತವೈದ್ಯರು ಹುಳುಕು ನರದವರೆಗೆ ಇಳಿದಿಲ್ಲವೆಂದು ತಿಳಿಸಿ, ಹಲ್ಲಿನ ಬಣ್ಣದ ಕಾಂಪೋಸಿಟ್ (ರಾಳದ ಫಿಲ್ಲಿಂಗ್) ಅಥವಾ ಗ್ಲಾಸ್ ಅಯಾನೋಮರ್ (ಒಂದು ಬಗೆಯ ಹಲ್ಲಿನ ಸಿಮೆಂಟ್) ಆರಿಸಿಕೊಳ್ಳಲು ಹೇಳಿದ್ದಾರೆ.

ಕಾಂಪೋಸಿಟನ್ನು ಸಾಮಾನ್ಯವಾಗಿ ಸುಮಾರು 2 ಮಿಲಿಮೀಟರ್ ದಪ್ಪದ ಪದರಗಳಾಗಿ ಹಾಕಿ, ಪ್ರತಿ ಪದರವನ್ನೂ ನೀಲಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಆ ಹೊತ್ತಿನಲ್ಲಿ ಎಂಜಲು ತಾಗಿದರೆ ಅದು ಹಲ್ಲಿಗೆ ಸರಿಯಾಗಿ ಅಂಟುವುದಿಲ್ಲ. ನನಗೆ ನಿಜವಾಗಿಯೂ ಆತಂಕವಿರುವುದು ಇಲ್ಲಿಯೇ, ಏಕೆಂದರೆ ಹುಳುಕು ಒಸಡಿನ ಅಂಚಿನವರೆಗೂ ಹೋಗಿದೆ ಮತ್ತು ತಾಯಿಯವರಿಗೆ ಬಾಯಿಯನ್ನು ಹೆಚ್ಚು ಹೊತ್ತು ತೆರೆದಿಡಲು ಆಗುವುದಿಲ್ಲ. ಗ್ಲಾಸ್ ಅಯಾನೋಮರ್ ಫ್ಲೋರೈಡ್ ಬಿಡುತ್ತದೆ, ತೇವವನ್ನೂ ತಕ್ಕಮಟ್ಟಿಗೆ ಸಹಿಸುತ್ತದೆ. ಆದರೆ ಜಗಿಯುವ ಹಲ್ಲಿನಲ್ಲಿ ಬೇಗ ಸವೆಯುತ್ತದೆ. ಅವರಿಗೆ ಊಟವಾದ ಮೇಲೆ ಎಲೆಅಡಿಕೆ ಬೇಕೇ ಬೇಕು.

ಇಂಥ ಹಲ್ಲಿಗೆ ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ಹಲ್ಲಿನ ಸುತ್ತ ಹಾಕುವ ತೆಳು ರಬ್ಬರ್ ಹಾಳೆ) ಕಟ್ಟಿಸಿಕೊಂಡು ಕಾಂಪೋಸಿಟ್ ಹಾಕಿಸಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅದು ಎಷ್ಟು ವರ್ಷ ಬಾಳಿತು, ಅಡಿಕೆಯಿಂದ ಸವೆಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಅಡಿಯಲ್ಲಿ ಗ್ಲಾಸ್ ಅಯಾನೋಮರ್, ಮೇಲೆ ಕಾಂಪೋಸಿಟ್ ಹಾಕುವ ಕ್ರಮ ಇವರಿಗೆ ಹೊಂದುತ್ತದೆಯೇ ಎಂದು ಗುಂಪಿನಲ್ಲಿರುವ ದಂತವೈದ್ಯರು ಹೇಳಿದರೆ ತುಂಬ ಉಪಕಾರವಾಗುತ್ತದೆ.