ತಂಗಿಗೆ ಫಿಟ್ಸ್‌ಗೆ ವಾಲ್‌ಪ್ರೊಯೇಟ್ ಕೊಡ್ತಿದಾರೆ, ಬಸಿರಾದ್ರೆ ತೊಂದರೆ ಅಂತ ಯಾರೂ ಹೇಳೇ ಇಲ್ಲ

ದಾವಣಗೆರೆ ಅಕ್ಕ:
ತಂಗಿಗೆ 23 ವರ್ಷ, ಪಿಯುಸಿಲಿ ಇದ್ದಾಗಿಂದ ಫಿಟ್ಸ್, ಸೋಡಿಯಂ ವಾಲ್‌ಪ್ರೊಯೇಟ್ ಶುರು ಮಾಡಿದ್ಮೇಲೆ ಪೂರ್ತಿ ಹಿಡಿತಕ್ಕೆ ಬಂದಿದೆ. ಈಗ ಮದುವೆ ಗೊತ್ತಾಗಿದೆ. ಮೊನ್ನೆ ಫೋನಲ್ಲಿ ಓದಿದ್ರೆ ಬಸಿರಲ್ಲಿ ಈ ಮಾತ್ರೆ ತಗೊಂಡ್ರೆ ಮಗುಗೆ ಹುಟ್ಟಿನಿಂದಲೇ ಅಂಗದೋಷ ಬರಬಹುದು ಅಂತ ಇದೆ. ಇಷ್ಟು ವರ್ಷ ತೋರಿಸಿದೀವಿ, ಡಾಕ್ಟ್ರು ಒಂದು ಮಾತು ಹೇಳಿಲ್ಲ. ಮಾತಾಡೋದೆಲ್ಲ ಅಪ್ಪನ ಹತ್ರ, ಅವಳು ಪಕ್ಕದಲ್ಲಿ ಸುಮ್ನೆ ಕೂತಿರ್ತಾಳೆ. ಅಪೆಂಡಿಕ್ಸ್ ಆಪರೇಷನ್ ಆದಾಗ ಸಹಿ ಮೇಲೆ ಸಹಿ ಹಾಕಿಸ್ಕೊಂಡ್ರು, ಇದಕ್ಕೆ ಯಾಕೆ ಒಂದು ಸಹಿನೂ ಇಲ್ಲ? ನಾಳೆಯಿಂದ್ಲೇ ನಿಲ್ಲಿಸ್ತೀನಿ ಅಂತ ಹಟ ಹಿಡಿದಿದಾಳೆ, ಭಯ ಆಗ್ತಿದೆ.

ನ್ಯೂರೋ ಪಿಜಿ ಹುಬ್ಳಿ:
ಅಕ್ಕಾ, ಮೊದಲು ಅವಳನ್ನ ತಡೀರಿ. ಈ ಮಾತ್ರೆ ಏಕಾಏಕಿ ನಿಲ್ಲಿಸಿದ್ರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ. ಈಗ ವಿಷಯಕ್ಕೆ ಬರ್ತೀನಿ. ಬಸಿರಲ್ಲಿ ವಾಲ್‌ಪ್ರೊಯೇಟ್ ತಗೊಂಡವರ 100 ಮಕ್ಕಳಲ್ಲಿ ಸುಮಾರು 10ಕ್ಕೆ ದೊಡ್ಡ ಅಂಗದೋಷ ಇರುತ್ತೆ, ಸಾಮಾನ್ಯವಾಗಿ ಇದು 2-3 ಅಷ್ಟೆ. ಮಾತು, ಕಲಿಕೆ, ಬುದ್ಧಿ ಬೆಳವಣಿಗೆ ತೊಂದರೆ 100ಕ್ಕೆ 30ರಿಂದ 40 ಮಕ್ಕಳಲ್ಲಿ. ಡೋಸ್ ಜಾಸ್ತಿ ಆದಷ್ಟೂ ಅಪಾಯ ಜಾಸ್ತಿ. ಬೆನ್ನುಹುರಿ ಸರಿಯಾಗಿ ಮುಚ್ಚದೇ ಇರೋದು ಈ ಅಂಗದೋಷಗಳಲ್ಲಿ ಒಂದು. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳೋದು ಬಸಿರು ನಿಂತ ಮೊದಲ 4 ವಾರದಲ್ಲಿ, ಬಹಳ ಹೆಂಗಸರಿಗೆ ಆಗಿನ್ನೂ ಬಸಿರಿರೋದೇ ಗೊತ್ತಿರಲ್ಲ, ಅದಕ್ಕೇ ಇದನ್ನ ಮದುವೆಗೆ ಮುಂಚೆ ಮಾತಾಡ್ಬೇಕು, ಆಮೇಲೆ ನೋಡೋಣ ಅನ್ನೋ ವಿಷಯ ಅಲ್ಲ.

ಸಹಿ ಬಗ್ಗೆ: ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮ ಬರಹದಲ್ಲಿ ಒಪ್ಪಿಗೆ ಕೇಳೋದು ಆಪರೇಷನ್‌ಗೆ, ಮಾತ್ರೆಗೆ ಹಂಗೆ ಇಲ್ಲ. ಆದ್ರೆ 2008ರಲ್ಲಿ ಸಮೀರಾ ಕೊಹ್ಲಿ ಕೇಸಲ್ಲಿ ಸುಪ್ರೀಂ ಕೋರ್ಟ್ ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿ ಎಲ್ಲ ರೋಗಿಗೆ ತಿಳಿಸಿಯೇ ಒಪ್ಪಿಗೆ ತಗೋಬೇಕು ಅಂತ ಹೇಳಿದೆ. 18 ದಾಟಿದ ಮೇಲೆ ಆ ಒಪ್ಪಿಗೆ ಅವಳದ್ದು, ಅಪ್ಪಂದಲ್ಲ.

ಮೆಡಿಕಲ್ ಶಾಪ್ ಅಣ್ಣ:
ನಮ್ಮ ಕೌಂಟರ್‌ನಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡ್ತೀವಿ, ಒಳಗಿನ ಎಚ್ಚರಿಕೆ ಚೀಟಿ ಯಾರ ಕೈಗೂ ಹೋಗಲ್ಲ. ಆದ್ರೆ ಒಂದು ಮಾತು, ಎಲ್ಲಾ ಸೈಡ್ ಎಫೆಕ್ಟ್ ಬಿಡಿಸಿ ಹೇಳಿದ್ರೆ ಜನ ಹೆದರಿ ಮಾತ್ರೆನೇ ಬಿಡ್ತಾರೆ, ಡಾಕ್ಟ್ರು ಅದಕ್ಕೇ ಸುಮ್ಮನಿರ್ತಾರೆ ಅನ್ಸುತ್ತೆ.

ಸುಮಾ ಮೈಸೂರು:
ಅಣ್ಣಾ, ಹೇಳದೇ ಇದ್ದಿದ್ದಕ್ಕೇ ಈ ಹುಡುಗಿ ಇವತ್ತು ಬಿಡ್ತೀನಿ ಅಂತಿರೋದು! ನನಗೆ ಬೈಪೋಲಾರ್‌ಗೆ (ಮನಸ್ಸು ಒಮ್ಮೆ ಅತಿ ಹುಮ್ಮಸ್ಸು, ಒಮ್ಮೆ ಅತಿ ಬೇಸರಕ್ಕೆ ಹೋಗೋ ಕಾಯಿಲೆ) ಇದೇ ಮಾತ್ರೆ ಇತ್ತು. ನಮ್ಮ ಡಾಕ್ಟ್ರು ಯಜಮಾನರನ್ನ ಆಚೆ ಕೂರಿಸಿ, ನನಗೇ ಅಂಕಿ ಅಂಶ ಹೇಳಿ, ಮಕ್ಕಳು ಬೇಕಾ ಯಾವಾಗ ಬೇಕು ಅಂತ ಕೇಳಿದ್ರು. ಹೆದರಿಕೆ ಆಯ್ತು ನಿಜ, ಆದ್ರೂ ಮಾತ್ರೆ ಬಿಡಲಿಲ್ಲ, ನಿಧಾನಕ್ಕೆ ಬದಲಾಯಿಸ್ಕೊಂಡೆ. ಬ್ರಿಟನ್‌ನಲ್ಲಿ 2018ರಿಂದ ಈ ಮಾತ್ರೆ ತಗೊಳ್ಳೋ ಹೆಣ್ಮಕ್ಕಳ ಜೊತೆ ವರ್ಷಕ್ಕೊಮ್ಮೆ ಕೂತು ಅಪಾಯ ಹೇಳಿ ಸಹಿ ತಗೋತಾರಂತೆ. ಇಲ್ಲೂ ಬರಬೇಕು, ಬರಲೇಬೇಕು.

ದಾವಣಗೆರೆ ಅಕ್ಕ:
ಎಲ್ರಿಗೂ ಥ್ಯಾಂಕ್ಸ್, ಅವಳಿಗೆ ಓದಿ ಹೇಳ್ದೆ, ಇವತ್ತಿನ ಮಾತ್ರೆ ತಗೊಂಡ್ಳು. ಡಾಕ್ಟ್ರ ಹತ್ರ ಏನು ಕೇಳ್ಬೇಕು? ಅಪ್ಪ ಹುಡುಗನ ಮನೆಗೆ ಗೊತ್ತಾಗುತ್ತೆ ಅಂತ ಇದನ್ನ ಎತ್ತೋಕೇ ಬಿಡ್ತಿಲ್ಲ.

ನ್ಯೂರೋ ಪಿಜಿ ಹುಬ್ಳಿ:
ಅವಳೇ ಮಾತಾಡ್ಲಿ, ನೀವು ಜೊತೆಗಿರಿ. ನನಗಿರೋದು ಯಾವ ತರದ ಫಿಟ್ಸ್, ಇದರ ಬದಲು ಲೆವೆಟಿರಸಿಟಮ್ ಅಥವಾ ಲ್ಯಾಮೊಟ್ರಿಜಿನ್ ಅನ್ನೋ ಬೇರೆ ಫಿಟ್ಸ್ ಮಾತ್ರೆ ಆಗುತ್ತಾ, ಬದಲಾಯಿಸೋವಾಗ ಫಿಟ್ಸ್ ಬಂದ್ರೆ ಏನ್ಮಾಡೋದು, ಅಲ್ಲಿವರೆಗೆ ಬಸಿರಾಗದಂತೆ ಏನು ಬಳಸೋದು, ಫೋಲಿಕ್ ಆಸಿಡ್ ಎಷ್ಟು ಅಂತ ಕೇಳ್ಲಿ. ಕೆಲವು ತರದ ಫಿಟ್ಸ್‌ಗೆ ವಾಲ್‌ಪ್ರೊಯೇಟೇ ಚೆನ್ನಾಗಿ ಹಿಡಿಯೋದು, ಹಂಗಾಗಿ ಬದಲಾಯಿಸೋದು ಸುಲಭ ಅಂತ ನಾನು ಹೇಳಲ್ಲ, ವಾರಗಟ್ಟಲೆ ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತೆ, ಈಗ್ಲೇ ಹೋಗಿ. ಅಪ್ಪಂಗೆ ಇದೊಂದು ಹೇಳಿ, ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಮದುವೆಗೆ ಅಡ್ಡಿ ಅಂತ ಇದ್ದಿದ್ದನ್ನ 1999ರಲ್ಲೇ ತೆಗೆದುಹಾಕಿದಾರೆ. ಮತ್ತೆ ಮದುವೆ ಹಿಂದಿನ ರಾತ್ರಿ ಶಾಸ್ತ್ರ ಅಂತ ಅವಳ ನಿದ್ದೆ ಕೆಡಿಸ್ಬೇಡಿ, ನಿದ್ದೆಗೆಟ್ರೆ ಫಿಟ್ಸ್ ಬರುತ್ತೆ.