ಪ್ರಶ್ನೋತ್ತರ: ಪ್ಲೇಟ್‌ಲೆಟ್ ಕೌಂಟ್ ಸರಿ ಇದ್ದರೂ ರಕ್ತ ನಿಲ್ಲದಿದ್ದರೆ

ಅಡ್ಮಿನ್: ಪ್ಲೇಟ್‌ಲೆಟ್ ಕಾಯಿಲೆ, ರಕ್ತ ಹೆಪ್ಪುಗಟ್ಟುವುದು ಇವುಗಳ ಮೇಲೆ ಸಂಶೋಧನೆ ಮಾಡುವ ನಮ್ಮ ಕೊಡಗಿನ ಡಾಕ್ಟರ್ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಮುತ್ತಣ್ಣ, ಗೋಣಿಕೊಪ್ಪ: ತಮ್ಮನಿಗೆ ಡೆಂಗ್ಯೂ ಮೇಡಂ. ಪ್ಲೇಟ್‌ಲೆಟ್ 62,000. ಪಪ್ಪಾಯಿ ಎಲೆ ರಸ ಎಷ್ಟು ಕೊಡಬೇಕು?

ಡಾಕ್ಟರ್: ರಸ ಬೇಡ. ಗಂಜಿ, ಓಆರ್‌ಎಸ್ ಕೊಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಇಳಿಯುವ ತನಕ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕುವುದಿಲ್ಲ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನ ಜಾಸ್ತಿ ಹುಷಾರಾಗಿರಿ. ಹೊಟ್ಟೆನೋವು, ನಿಲ್ಲದ ವಾಂತಿ, ಕಪ್ಪು ಮಲ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಯಶೋದಾ, ಸೋಮವಾರಪೇಟೆ: ಕಿವಿ ಹಣ್ಣು ತಿಂದರೆ ಪ್ಲೇಟ್‌ಲೆಟ್ ಏರುತ್ತದಂತೆ, ಹೌದಾ?

ಡಾಕ್ಟರ್: ಇಲ್ಲ.

ಲೀಲಾ, ನಾಪೋಕ್ಲು: ಮಗಳಿಗೆ 13 ವರ್ಷ. ಚಿಕ್ಕಂದಿನಿಂದ ಮೂಗಿನಲ್ಲಿ ರಕ್ತ ಬರುತ್ತದೆ. ತೋಟದಲ್ಲಿ ಜಿಗಣೆ ಕಚ್ಚಿದರೆ ಮರುದಿನವೂ ಒಸರುತ್ತದೆ. ಮುಟ್ಟಾದರೆ ಹತ್ತು ಹನ್ನೆರಡು ದಿನ. ಹಿಮೋಗ್ಲೋಬಿನ್ 7ಕ್ಕೆ ಇಳಿದಿದೆ. ಪ್ಲೇಟ್‌ಲೆಟ್ ಮಾತ್ರ 2.8 ಲಕ್ಷ ಇದೆ, ಐರನ್ ಮಾತ್ರೆ ಸಾಕು ಅಂದರು. ನಾನು ಸೋದರಮಾವನನ್ನೇ ಮದುವೆಯಾದವಳು, ಅದಕ್ಕೇನಾದರೂ ಸಂಬಂಧ ಉಂಟಾ? ಮುಂದಿನ ವಾರ ಅವಳ ಹಲ್ಲು ಕೀಳಿಸಬೇಕು.

ಡಾಕ್ಟರ್: ಲೀಲಾ ಅವರೇ, ಹಲ್ಲು ಈಗ ಕೀಳಿಸಬೇಡಿ.

ಜಿಗಣೆ ಒಂದನ್ನೇ ಹೇಳಿದ್ದರೆ ನನಗೆ ಚಿಂತೆಯಾಗುತ್ತಿರಲಿಲ್ಲ. ಅದರ ಜೊಲ್ಲಿನಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ಪದಾರ್ಥ ಇದೆ, ಯಾರಿಗೆ ಕಚ್ಚಿದರೂ ಗಂಟೆಗಟ್ಟಲೆ ಒಸರುತ್ತದೆ. ಆದರೆ ಮೂಗು, ಮುಟ್ಟು, ರಕ್ತ ಕಡಿಮೆಯಾಗಿರುವುದು ಎಲ್ಲ ಒಟ್ಟಿಗೆ ಇದೆಯಲ್ಲ, ಅದು ಸರಿಯಿಲ್ಲ.

ಪ್ಲೇಟ್‌ಲೆಟ್ ಎಷ್ಟಿದೆ ಎಂದು ಮಷಿನ್ ಹೇಳುತ್ತದೆ. ಅವು ಕೆಲಸ ಮಾಡುತ್ತವಾ ಎಂದು ಹೇಳುವುದಿಲ್ಲ. ಗಾಯವಾದಾಗ ಪ್ಲೇಟ್‌ಲೆಟ್‌ಗಳು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹಿಡಿದು ಒಂದಕ್ಕೊಂದು ಸೇರಬೇಕು. ಹಿಡಿಯಲು ಅವುಗಳ ಮೈಮೇಲೆ ಒಂದು ಕೊಂಡಿ ಇರುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅದು ಇರುವುದಿಲ್ಲ, ಇದ್ದರೂ ಕೆಲಸಕ್ಕೆ ಬರುವುದಿಲ್ಲ. 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ ಈ ಕಾಯಿಲೆಯನ್ನು ವಿವರಿಸಿದರು, ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಕಾಯಿಲೆ ಬರುತ್ತದೆ. ಹಾಗಾಗಿ ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಜಾಸ್ತಿ. ಇದು ನಿಮ್ಮ ತಪ್ಪಲ್ಲ. ವಾನ್ ವಿಲ್ಲೆಬ್ರಾಂಡ್ ಎಂಬ ಇನ್ನೊಂದು ಕಾಯಿಲೆಯೂ ಇರಬಹುದು. ಅದೇ ಹೆಚ್ಚು ಜನರಲ್ಲಿ ಕಾಣುವುದು.

ಪ್ಲೇಟ್‌ಲೆಟ್ ಅಗ್ರಿಗೇಷನ್ (ಅವು ಒಂದಕ್ಕೊಂದು ಸೇರುತ್ತವಾ ಎಂದು ನೋಡುವುದು) ಮತ್ತು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ (ಆ ಇನ್ನೊಂದು ಕಾಯಿಲೆಯಲ್ಲಿ ಕೊರತೆಯಾಗುವ ರಕ್ತದ ಪ್ರೋಟೀನ್) ಪರೀಕ್ಷೆ ಮಾಡಿಸಿ. ಅಗ್ರಿಗೇಷನ್‌ಗೆ ರಕ್ತ ತೆಗೆದ ನಾಲ್ಕು ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು, ಐಸ್‌ನಲ್ಲಿ ಇಡಲೂಬಾರದು. ಮಡಿಕೇರಿಯಲ್ಲಿ ರಕ್ತ ಕೊಟ್ಟು ಬಸ್ಸಿನಲ್ಲಿ ಕಳಿಸಿದರೆ ಆಗುವುದಿಲ್ಲ, ಮಗುವೇ ಹೋಗಬೇಕು. ಬೆಂಗಳೂರಿನ ದೊಡ್ಡ ಹೆಮಟಾಲಜಿ (ರಕ್ತದ ಕಾಯಿಲೆಗಳ) ವಿಭಾಗಕ್ಕೋ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಬ್ರೂಫೆನ್, ಆಸ್ಪಿರಿನ್ ಕೊಡಲೇಬೇಡಿ. ಆಸ್ಪಿರಿನ್ ತಗುಲಿದ ಪ್ಲೇಟ್‌ಲೆಟ್ ತನ್ನ ಆಯಸ್ಸು ಮುಗಿಯುವ ತನಕ, ಅಂದರೆ ಏಳರಿಂದ ಹತ್ತು ದಿನ, ಸರಿಹೋಗುವುದಿಲ್ಲ.

ಬೋಪಣ್ಣ, ವಿರಾಜಪೇಟೆ: ಪಪ್ಪಾಯಿ ಮೇಲೆ ಯಾಕಿಷ್ಟು ಕೋಪ ಮೇಡಂ? ನನಗೆ ಮೂರೇ ದಿನದಲ್ಲಿ ಕೌಂಟ್ ಏರಿತು.

ರಫೀಕ್, ಕುಶಾಲನಗರ: ನಮ್ಮ ಚಿಕ್ಕಮ್ಮ ಅದೇ ರಸ ಕುಡಿಯುತ್ತಾ ಮನೆಯಲ್ಲೇ ಕೂತರು. ಆಸ್ಪತ್ರೆ ಸೇರುವಾಗ ಬಿಪಿಯೇ ಸಿಗುತ್ತಿರಲಿಲ್ಲ. ನೀವು ಬಚಾವಾದಿರಿ ಅಂತ ಎಲ್ಲರಿಗೂ ಹೇಳಬೇಡಿ ಅಣ್ಣ.

ಬೋಪಣ್ಣ: ನೀವು ತಡ ಮಾಡಿದ್ದಕ್ಕೆ ಎಲೆ ಏನು ಮಾಡುತ್ತದೆ?

ರಫೀಕ್: ತಡ ಮಾಡಿಸಿದ್ದೇ ನಿಮ್ಮಂಥವರ ಫಾರ್ವರ್ಡ್!

ಸುನೀತಾ, ಮಡಿಕೇರಿ: ಅತ್ತೆಗೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಬೆಳ್ಳುಳ್ಳಿ ತಿನ್ನಬಹುದಾ?

ಡಾಕ್ಟರ್: ಬೋಪಣ್ಣ ಅವರೇ, ಡೆಂಗ್ಯೂ ವಾಸಿಯಾಗುವಾಗ ಕೌಂಟ್ ತಾನಾಗಿಯೇ ಏರುತ್ತದೆ. ಆ ದಿನ ಯಾವ ರಸ ಕುಡಿದಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ. ಡೆಂಗ್ಯೂನಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ರಕ್ತನಾಳದಿಂದ ನೀರಿನಂಶ ಸೋರುವುದು. ಅದನ್ನು ಯಾವ ಎಲೆಯೂ ತಡೆಯುವುದಿಲ್ಲ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಸುಬ್ಬಯ್ಯ, ಸಿದ್ದಾಪುರ: ತೋಟಕ್ಕೆ ಬಂದ ಬಂಗಾಳದ ಹುಡುಗನ ಕೌಂಟ್ 95,000. ಜ್ವರ ಇಲ್ಲ, ಚೆನ್ನಾಗಿ ಕೆಲಸ ಮಾಡುತ್ತಾನೆ. ವಾಪಸ್ ಕಳಿಸಲಾ?

ಡಾಕ್ಟರ್: ಯಾಕೆ ಕಳಿಸುತ್ತೀರಿ? ಆ ಕಡೆಯ ಎಷ್ಟೋ ಆರೋಗ್ಯವಂತರಲ್ಲಿ ಪ್ಲೇಟ್‌ಲೆಟ್ ದೊಡ್ಡದಾಗಿದ್ದು, ಎಣಿಕೆ ಕಡಿಮೆ ಇರುತ್ತದೆ. ಬಂಗಾಳದ ರಕ್ತದಾನಿಗಳಲ್ಲಿ ವೆಲ್ಲೂರಿನ ವೈದ್ಯರು ಇದನ್ನು ಗುರುತಿಸಿದರು, ಹ್ಯಾರಿಸ್ ಸಿಂಡ್ರೋಮ್ ಎನ್ನುತ್ತಾರೆ. ಅದರಿಂದ ರಕ್ತಸ್ರಾವ ಆಗುವುದಿಲ್ಲ. ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸಿ, ಡಾಕ್ಟರ್ ಕಣ್ಣಿಂದ ನೋಡಲಿ. ಕೆಲಸ ಬಿಡಿಸಬೇಡಿ.

ಪ್ರವೀಣ, ಶನಿವಾರಸಂತೆ: ಕಾಫಿ ಜಾಸ್ತಿ ಕುಡಿದರೆ ರಕ್ತ ತೆಳುವಾಗುತ್ತದಾ?

ಕಾವೇರಮ್ಮ, ಪೊನ್ನಂಪೇಟೆ: ಡೆಂಗ್ಯೂಗೆ ಪಪ್ಪಾಯಿ ಎಲೆ ಒಳ್ಳೆಯದಾ?

ಡಾಕ್ಟರ್: ಮೇಲೆ ಓದಿ.

ಯಶೋದಾ: ಕೇಳುವುದಕ್ಕೇ ಗುಂಪು ಇರುವುದು. ಸ್ವಲ್ಪ ಸಮಾಧಾನವಾಗಿ ಹೇಳಬಹುದಲ್ವಾ?

ರಫೀಕ್: ಓದಿ ಕೇಳಿದರೆ ಸಮಾಧಾನ ಇರುತ್ತದೆ ಅಕ್ಕ.

ಲೀಲಾ: ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ ಮೇಡಂ. ಕೌಂಟ್ ಸರಿ ಇದೆ, ಏನೂ ಆಗುವುದಿಲ್ಲ ಅನ್ನುತ್ತಾರೆ.

ಡಾಕ್ಟರ್: ನನ್ನ ಉತ್ತರವನ್ನು ಅವರಿಗೆ ತೋರಿಸಿ. ಒಪ್ಪದಿದ್ದರೂ ನೀವು ಹೋಗಬೇಡಿ. ಈ ಸಲದ ಮುಟ್ಟಿಗೆ ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಡಬಹುದಾ ಎಂದು ನಿಮ್ಮ ಡಾಕ್ಟರನ್ನು ನಾಳೆಯೇ ಕೇಳಿ. ಬೆಂಗಳೂರಿಗೋ ವೆಲ್ಲೂರಿಗೋ ಹೋಗುವ ದಿನ ಗೊತ್ತಾದ ಕೂಡಲೇ ನನಗೆ ಮೆಸೇಜ್ ಹಾಕಿ.