ಅಪ್‌ಡೇಟ್: ಹಳೇ ಮನೆಯ ಹಾರರ್ ಫೋಟೊ, ನೆರಳು ಈಗ ನಿಂತಿದೆ

ಬಸವನಗುಡಿಯ ಹಳೇ ಮನೆಯಲ್ಲಿ ಹಾರರ್ ಫೋಟೊ ತೆಗೆದರೆ ಭಯದ ಬದಲು ಬರೀ ಮಬ್ಬು ಬರ್ತಿದೆ ಅಂತ ಕೇಳಿದ್ದೆ. ‘ಲೈಟ್ ಕಡಿಮೆ ಮಾಡಬೇಡಿ, ಒಂದೇ ಕಡೆಯಿಂದ ಕೊಡಿ’ ಅಂದವರ ಮಾತೇ ಸರಿ.

ಈಗ ಒಂದೇ ಎಲ್‌ಇಡಿ ಪ್ಯಾನೆಲ್, ನೆಲದ ಮೇಲೆ, ಮುಖದ ಎಡಕ್ಕೆ. ನೇರ ಗದ್ದದ ಕೆಳಗಿಟ್ಟರೆ ಟಾರ್ಚ್ ಹಿಡಿದು ಹೆದರಿಸೋ ಮಕ್ಕಳಾಟದ ಹಾಗಾಗುತ್ತೆ. ಅಸಲಿ ತೊಂದರೆ ಸುಣ್ಣದ ಬಿಳಿ ಗೋಡೆಯದು: ಬೆಳಕು ಬಡಿದು ವಾಪಸ್ ಬಂದು ನೆರಳನ್ನೆಲ್ಲ ತುಂಬಿಬಿಡುತ್ತೆ. ಬಲಗಡೆ ಎರಡಡಿ ದೂರದಲ್ಲಿ, ಫ್ರೇಮಿನ ಆಚೆ, ಕಪ್ಪು ಕಂಬಳಿ ನೇತುಹಾಕಿದ ಮೇಲೆ ಅರ್ಧ ಮುಖ ಕತ್ತಲಿಗೆ ಹೋಯ್ತು. ಬೆಳಕು ಬಿದ್ದ ಕೆನ್ನೆಗೆ ಸ್ಪಾಟ್ ಮೀಟರಿಂಗ್ (ಆ ಒಂದು ಜಾಗದ ಬೆಳಕನ್ನಷ್ಟೇ ಅಳೆಯೋದು), ಲೆನ್ಸಿನ ತೆರವು ಎಫ್ 2.8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 1600, ಶಟರ್ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್, ಅದರ ತಾಳಕ್ಕೆ ಟ್ಯೂಬ್‌ಲೈಟ್ ಕಣ್ಣಿಗೆ ಕಾಣದ ಹಾಗೆ ಮಿನುಗಬಹುದು, ಹಾಗಾಗಿ ಟ್ಯೂಬ್‌ಲೈಟ್ ಉರೀತಿದ್ದರೆ 1/50 ಅಥವಾ 1/100 ಇರಲಿ; 1/250ಕ್ಕೆ ಹೋದರೆ ಫೋಟೊದಲ್ಲಿ ಪಟ್ಟೆ ಬೀಳಬಹುದು.

ಫ್ರೇಮಿಂಗ್‌ಗೆ 24 ಎಂಎಂ ಲೆನ್ಸ್, ನಡುಮನೆ ಬಾಗಿಲ ಚೌಕಟ್ಟಿನೊಳಗೆ ಸೀರೆ ಉಟ್ಟ ಮಾಡೆಲ್ ಚಿಕ್ಕದಾಗಿ, ಹಿಂದೆ ಅರೆತೆರೆದ ಕತ್ತಲೆ ಕೋಣೆ. ಕ್ಯಾಮೆರಾ ಓರೆ ಮಾಡಲೇ ಇಲ್ಲ. ಗೆರೆಗಳು ನೆಟ್ಟಗಿದ್ದರೇ ದಿಗಿಲು ಜಾಸ್ತಿ ಅನ್ನೋದು ನನ್ನ ಮತ. ಸಾಂಬ್ರಾಣಿ ಹೊಗೆಗೆ ಬೆಳಕು ಹಿಂದಿನಿಂದ ಬರಬೇಕು, ಫ್ಯಾನ್ ಆಫ್ ಇರಬೇಕು.

ಉಳಿದಿದ್ದು ಒಂದೇ: ಮಾಡೆಲ್ ಉಟ್ಟ ಕಪ್ಪು ಸೀರೆ ಕತ್ತಲೆ ಹಿನ್ನೆಲೆಯಲ್ಲಿ ಕರಗಿಹೋಗ್ತಿದೆ. ಹಿಂದಿನಿಂದ ಅಂಚಿಗಷ್ಟೇ ಬೀಳೋ ಸಣ್ಣದೊಂದು ರಿಮ್ ಲೈಟ್ ಕೊಡಲೋ, ಇಲ್ಲಾ ಎಲ್ಲರ ಹಾಗೆ ಬಿಳಿ ಸೀರೆಗೇ ಶರಣಾಗಲೋ?